ಐದನೇ ನಮೂನೆ

ನಮ್ಮ ಕೆಲಸವೇ ಎಸೆಯುವುದಾಗಿತ್ತು. 1986ರ ಸುಮಾರಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾವು ಆರು ಜನ ಸರ್ಕಾರದ ಸಂಬಳ ತಿಂದುಕೊಂಡು, ಟಿ.ವಿ. ಚಿತ್ರದಲ್ಲಿ ಏನೇನು ಎಸೆದರೆ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದು ಹುಡುಕುತ್ತಿದ್ದೆವು. ಚಿತ್ರವೆಂದರೆ ಲಕ್ಷಗಟ್ಟಲೆ ಚುಕ್ಕಿಗಳು. ಅಷ್ಟನ್ನೂ ಇದ್ದ ಹಾಗೇ ಕಳಿಸಿದರೆ ಉಪಗ್ರಹದ ಒಂದು ದಾರಿಯಲ್ಲಿ ಒಂದೇ ಕಾರ್ಯಕ್ರಮ ಹೋಗುತ್ತದೆ. ಅರ್ಧ ಎಸೆದರೆ ಎರಡು ಹೋಗುತ್ತವೆ, ಮುಕ್ಕಾಲು ಎಸೆದರೆ ನಾಲ್ಕು. ಎಸೆಯಲು ನಮಗೆ ಧೈರ್ಯ ಕೊಟ್ಟದ್ದು ಮನುಷ್ಯನ ಕಣ್ಣಿನ ಸೋಮಾರಿತನ. ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಬಣ್ಣ ಬಳಿದರೂ ಅದು ಸುಮ್ಮನಿರುತ್ತದೆ. ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಬೆಳಕಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ, ಅದನ್ನು ಅಳಿಸಿ ಎರಡನ್ನೂ ಒಂದು ಮಾಡಿದರೂ ತಕರಾರು ಮಾಡುವುದಿಲ್ಲ. ಕಣ್ಣಿನಷ್ಟು ಸುಲಭವಾಗಿ ಮೋಸಹೋಗುವ ಅಂಗ ಇನ್ನೊಂದಿಲ್ಲ ಎಂದು ನಾವು ನಂಬಿದ್ದೆವು, ಆ ನಂಬಿಕೆಯ ಮೇಲೆಯೇ ನಮ್ಮ ಅನ್ನ ಬೇಯುತ್ತಿತ್ತು.

ನಾನು ತಿಪ್ಪೇರುದ್ರಸ್ವಾಮಿ, ಜಗಳೂರಿನ ಜಂಗಮರ ಮನೆಯವನು. ಅಜ್ಜ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಭಕ್ತರ ಪಾದಪೂಜೆ ಮಾಡಿಸಿಕೊಳ್ಳುತ್ತಿದ್ದರು. ನಾನು ಕಾದ ಕಡ್ಡಿ ಹಿಡಿದು ತಂತಿಗೆ ತಂತಿ ಬೆಸೆಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಜತೆಗಾರರು ಹೇಳುತ್ತಿದ್ದರು. ಅದು ಸುಳ್ಳೇನಲ್ಲ.

ಒಂದೇ ಚಿತ್ರವನ್ನು ನಾವು ಐದು ನಮೂನೆ ಮಾಡುತ್ತಿದ್ದೆವು. ಒಂದನೆಯದರಲ್ಲಿ ಎಲ್ಲವೂ ಇತ್ತು. ಐದನೆಯದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಎಸೆದಾಗಿತ್ತು. ಇವನ್ನು ಹಿಂದುಮುಂದಾಗಿ ಜನರಿಗೆ ತೋರಿಸಿ, ಕೆಟ್ಟದ್ದು ಕಣ್ಣಿಗೆ ಬಿತ್ತೇ ಎಂದು ಕೇಳಬೇಕು. ಮುಖದ ಚಿತ್ರಕ್ಕೆ ನಮ್ಮಲ್ಲಿದ್ದದ್ದು ಹೊರದೇಶದ ಒಬ್ಬ ಬಿಳಿಯ ಹೆಂಗಸಿನದು. ನಮ್ಮ ಜನಕ್ಕೆ ನಮ್ಮ ಮೈಬಣ್ಣದ ಮುಖವೇ ಬೇಕು ಎಂದ ಸಾಹೇಬರು, ನಕ್ಷೆ ಬರೆಯುವ ವಿಭಾಗದ ನಿರ್ಮಲಳನ್ನು ಕರೆಸಿ ಕ್ಯಾಮೆರಾ ಮುಂದೆ ಕೂರಿಸಿದರು. ಹತ್ತು ಸೆಕೆಂಡಿನ ಚಿತ್ರ, ಧ್ವನಿಯಿಲ್ಲ. ತುಟಿ ಆಡಬೇಕಲ್ಲ ಎಂದು ಒಂದರಿಂದ ಹತ್ತರವರೆಗೆ ಎಣಿಸಲು ಹೇಳಿದೆವು. ಅವಳು ಎಣಿಸಿ, ಕೊನೆಗೆ ನಾಚಿಕೊಂಡು ನಕ್ಕಳು.

ನಿರ್ಮಲ ಹೊನ್ನಾಳಿಯ ಅಡಿಕೆ ಮಂಡಿಯ ಜಯದೇವಪ್ಪನವರ ಒಬ್ಬಳೇ ಮಗಳು. ಐದು ವರ್ಷದ ಹಿಂದೆ ಸಾಸ್ವೆಹಳ್ಳಿಯ ನಾಗೇಂದ್ರಪ್ಪ ಎಂಬ ಬ್ಯಾಂಕಿನ ಗುಮಾಸ್ತನನ್ನು ಮದುವೆಯಾಗಿದ್ದಳು. ನಾಗೇಂದ್ರಪ್ಪ ಬಂಗಾರದಂಥ ಮನುಷ್ಯ, ಆದರೆ ಊರ ಹೊರಗಿನ ಕೇರಿಯವನು. ಮಗಳು ಸತ್ತಳೆಂದು ಜಯದೇವಪ್ಪನವರು ಬೀದಿಗೆಲ್ಲ ಕೇಳುವಂತೆ ಹೇಳಿದ್ದರು. ಅವಳು ಹಬ್ಬಕ್ಕೊಂದು ಕಾಗದ ಬರೆಯುತ್ತಿದ್ದಳು. ಹೋದ ಕಾಗದ ಒಡೆಯದೆಯೇ ವಾಪಸ್ ಬರುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗಲೆಲ್ಲ, “ನಮ್ಮವ್ವ ಆಗಿದ್ರೆ ಇದಕ್ಕೆ ಚೂರು ಗುರೆಳ್ಳು ಪುಡಿ ಹಾಕ್ತಿದ್ಲು,” ಎನ್ನುವಳು. ದಿನವೂ ಅದೇ ಮಾತು. ಒಮ್ಮೊಮ್ಮೆ ನಾನು ರೇಗುತ್ತಿದ್ದೆ. ರೇಗಿದ ಮೇಲೆ ನನಗೇ ಅನ್ನ ಇಳಿಯುತ್ತಿರಲಿಲ್ಲ.

ಬೆಂಗಳೂರಿನವರ ಕಣ್ಣು ಟಿ.ವಿ.ಗೆ ಪಳಗಿಬಿಟ್ಟಿದೆ, ಪಳಗದ ಕಣ್ಣು ಬೇಕು ಎಂದು ಸಾಹೇಬರು ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳಲ್ಲಿ ಪರೀಕ್ಷೆ ಗೊತ್ತುಮಾಡಿ ನನ್ನನ್ನು ಹೊರಡಿಸಿದರು. ಹೊರಡುವ ಹಿಂದಿನ ದಿನ ನಿರ್ಮಲ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ತಿಪ್ಪೇರುದ್ರಣ್ಣ, ನಮ್ಮವ್ವ ಬಂದು ನೋಡೋ ಹಂಗೆ ಮಾಡಾಕೆ ಆಗ್ತೈತಾ?”

“ಅದು ಪರೀಕ್ಷೆ ಕಣಮ್ಮ, ಸಿನಿಮಾ ಅಲ್ಲ.”

“ಗೊತ್ತೈತಣ್ಣ. ನೀವೇನೂ ಹೇಳಬ್ಯಾಡ್ರಿ. ನನ್ನ ಮುಖ ನೋಡ್ಲಿ, ಚೆನ್ನಾಗಿದಾಳೆ ಅಂತ ಗೊತ್ತಾಗ್ಲಿ. ನೋಡಿದಾಗ ಅವ್ವ ಹೆಂಗಿದ್ಲು ಅಂತ ಬಂದು ನನಗೆ ಹೇಳಿದ್ರೆ ಸಾಕು.”

ಆಗಲಿ ಎಂದೆ. ಬೇರೇನು ಹೇಳಲಿ.

ಹೊನ್ನಾಳಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಒಂದು ಕೋಣೆ ಸಿಕ್ಕಿತು. ನಾನೂ ಡ್ರೈವರ್ ಮರುಳಪ್ಪನೂ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಚಿತ್ರದ ಎತ್ತರದ ಆರು ಪಟ್ಟು ದೂರದಲ್ಲಿ ನೋಡುವವರು ಕೂರಬೇಕು. ಹಗ್ಗದಲ್ಲಿ ಅಳೆದು ಬೆಂಚು ಹಾಕಿದೆವು. ಪ್ರತಿಯೊಬ್ಬರಿಗೂ ಒಂದು ಹಾಳೆ, ಒಂದು ಪೆನ್ಸಿಲ್ಲು. ಹಾಳೆಯಲ್ಲಿ ಚಿತ್ರಕ್ಕೊಂದು ಸಾಲು, ಸಾಲಿಗೆ ಐದು ಮನೆಗಳು: ಗೊತ್ತಾಗಲಿಲ್ಲ, ಗೊತ್ತಾದರೂ ಬೇಸರವಿಲ್ಲ, ಕೊಂಚ ಬೇಸರ, ಬೇಸರ, ತುಂಬಾ ಬೇಸರ. ಸಾಹೇಬರ ಇಂಗ್ಲಿಷನ್ನು ಹೀಗೆ ಕನ್ನಡಕ್ಕೆ ಇಳಿಸಿದವನು ನಾನೇ. ಯಾವುದು ಎಷ್ಟನೇ ನಮೂನೆ ಎಂದು ನೋಡಲು ಬಂದವರಿಗೆ ಹೇಳುವಂತಿಲ್ಲ, ಅದು ಕಟ್ಟುನಿಟ್ಟಿನ ನಿಯಮ.

ಬೆಳಿಗ್ಗೆ ಗಂಡಸರದು ಮುಗಿಯಿತು, ಅವರ ಸರದಿಯಲ್ಲಿ ಮುಖದ ಚಿತ್ರ ಇರಲಿಲ್ಲ. ಮಧ್ಯಾಹ್ನ ಹೊಲಿಗೆ ಟೀಚರ್ ಭೀಮಕ್ಕ ಹನ್ನೆರಡು ಜನ ಹೆಂಗಸರನ್ನು ಕರೆತಂದರು. ಜಯದೇವಪ್ಪನವರ ಹೆಂಡತಿ ಕಸ್ತೂರಮ್ಮ ಅವರಲ್ಲಿ ಇರಲೇಬೇಕು ಎಂದು ಮೊದಲೇ ಭೀಮಕ್ಕನ ಕಿವಿಗೆ ಹಾಕಿದ್ದೆ. ಹೆಂಗಸರೆಲ್ಲ ಮದುವೆಗೆ ಬಂದಂತೆ ಇಳಕಲ್ ಸೀರೆ ಉಟ್ಟು ಬಂದಿದ್ದರು.

“ಪಾಸಾದ್ರೆ ಏನ್ ಕೊಡ್ತೀರಿ?” ಎಂದು ಒಬ್ಬಾಕೆ ಕೇಳಿದಳು.

“ಪಾಸಾದ್ರೂ ಚಾ, ಫೇಲಾದ್ರೂ ಚಾ,” ಎಂದೆ.

ಕಸ್ತೂರಮ್ಮ ಎರಡನೇ ಸಾಲಿನಲ್ಲಿ ಕೂತರು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಮೊದಲು ಭತ್ತದ ಗದ್ದೆ, ಆಮೇಲೆ ಸಂತೆ, ಮೂರನೆಯದಾಗಿ ನಿರ್ಮಲ ಬಂದಳು. ಯಾವ ನಮೂನೆ ಯಾವಾಗ ಬರಬೇಕೆಂದು ಬೆಂಗಳೂರಿನಲ್ಲೇ ಚೀಟಿ ಎತ್ತಿ ಗೊತ್ತುಮಾಡಿದ್ದರು. ಆ ಸರದಿಯಲ್ಲಿ ಮೊದಲು ಬಂದದ್ದು ಐದನೇ ನಮೂನೆ. ಅದನ್ನು ಬದಲಿಸಬೇಕೆಂದು ನನಗೆ ಹೊಳೆಯಲೂ ಇಲ್ಲ.

ಕೋಣೆಯಲ್ಲಿ ಗುಸುಗುಸು ಎದ್ದು, ತಕ್ಷಣ ಅಡಗಿತು. ಊರಿನವರಿಗೆ ಆ ಮುಖ ಗೊತ್ತಿಲ್ಲವೇ. ಹನ್ನೊಂದು ಹೆಂಗಸರೂ ಚಿತ್ರ ಬಿಟ್ಟು ಕಸ್ತೂರಮ್ಮನ ಕಡೆ ತಿರುಗಿದರು, ನನ್ನ ಪರೀಕ್ಷೆ ಅಲ್ಲಿಗೇ ಹಳ್ಳ ಹಿಡಿಯಿತು. ಕಸ್ತೂರಮ್ಮ ಯಾರನ್ನೂ ನೋಡಲಿಲ್ಲ. ಬೆಂಚಿನ ತುದಿಗೆ ಸರಿದು ಮುಂದಕ್ಕೆ ಬಾಗಿದರು. ಬಾಯಿ ಅರ್ಧ ತೆರೆದಿತ್ತು. ಅಷ್ಟು ಹಸಿದ ನೋಟವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅವರ ದೃಷ್ಟಿ ಮುಖದಿಂದ ಕೆಳಗಿಳಿದು ಒಂದು ಕಡೆ ನಿಂತಿತು. ಅವರ ಬಲಗೈ ತಮ್ಮ ಕೊರಳಿಗೆ ಹೋಗಿ ಏನನ್ನೋ ಬಿಗಿಯಾಗಿ ಹಿಡಿಯಿತು. ಚಿತ್ರ ಹೋಗಿ ಪರದೆ ಬೂದಿ ಬಣ್ಣಕ್ಕೆ ತಿರುಗಿದಾಗ ಅವರು ಹಾಳೆಯ ಮೇಲೆ ಒಂದು ಗುರುತು ಹಾಕಿ, ಎದ್ದು ಹೊರಗೆ ನಡೆದರು.

ಭೀಮಕ್ಕನಿಗೆ ನೋಡಿಕೊಳ್ಳಲು ಹೇಳಿ ನಾನು ಹಿಂದೆಯೇ ಓಡಿದೆ. ಜಗಲಿಯ ಕಂಬ ಹಿಡಿದು ನಿಂತಿದ್ದರು. ಅಳುತ್ತಿರಲಿಲ್ಲ.

“ನೀವು ಅಯ್ಯನೋರಂತಲ್ಲ, ಭೀಮಕ್ಕ ಹೇಳಿದ್ಲು,” ಎಂದರು. “ನೀವೇ ಹೇಳ್ರಿ. ಅವಳ ಕೊಳ್ಳಾಗೆ ಲಿಂಗದ ದಾರ ಕಾಣ್ತಾ ನಿಮಗೆ?”

ಎರಡು ವರ್ಷದಿಂದ ಅವಳ ಎದುರಿಗೆ ಕೂತು ಉಂಡವನು ನಾನು. ಅವಳ ಕೊರಳಲ್ಲಿ ಶಿವದಾರ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

“ಐದು ವರ್ಷದಿಂದ ಅವಳಪ್ಪನ ಜತೆ ಜಗಳ ಆಡ್ತಿದೀನ್ರಿ,” ಎಂದರು. “ಅವಳು ಏನ್ ಬಿಟ್ರೂ ಲಿಂಗ ಬಿಡಲ್ಲ ಅಂತ ನಾನು. ಆ ಮನೆ ಸೇರಿದ ಮ್ಯಾಲೆ ಬಿಟ್ಟೇ ಬಿಟ್ಟಿರ್ತಾಳೆ ಅಂತ ಅವರು. ಕೊಳ್ಳಾಗೆ ಲಿಂಗ ಇದ್ರೆ ನಾನೇ ಬಾಗ್ಲು ತೆಗೀತೀನಿ ಅಂತ ಮಾತು ಕೊಟ್ಟಿದಾರೆ. ಆ ಒಂದು ಮಾತಿನ ಮ್ಯಾಲೆ ನಾನು ಜೀವ ಹಿಡ್ಕಂಡಿದ್ದೆ. ಇವತ್ತು ನಾನೇ ನನ್ನ ಕಣ್ಣಿಂದ ನೋಡಿದ್ನಲ್ಲ. ಬರೀ ಕೊಳ್ಳು.”

ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಒಳಗೆ ಬಂದು ಅವರ ಹಾಳೆ ನೋಡಿದೆ. ಮೂರನೇ ಸಾಲಿನಲ್ಲಿ ‘ತುಂಬಾ ಬೇಸರ’ ಎಂಬ ಮನೆಯಲ್ಲಿ ಗುರುತಿತ್ತು. ಪೆನ್ಸಿಲ್ಲು ಒತ್ತಿದ ರಭಸಕ್ಕೆ ಹಾಳೆ ಹರಿದಿತ್ತು.

ಹೆಂಗಸರೆಲ್ಲ ಚಾ ಕುಡಿದು ಹೋದ ಮೇಲೆ ಬಾಗಿಲು ಹಾಕಿ ಒಂದನೇ ನಮೂನೆ ಹಾಕಿದೆ. ದಾರ ಇತ್ತು. ಕೊರಳಿನ ಎರಡೂ ಬದಿಯಿಂದ ಇಳಿದು ಸೆರಗಿನೊಳಗೆ ಹೋಗಿತ್ತು. ಹಳೆಯ ದಾರ, ಎಣ್ಣೆ, ಬೆವರು ಕುಡಿದು ಮೈಬಣ್ಣಕ್ಕೇ ತಿರುಗಿತ್ತು. ಚರ್ಮಕ್ಕೂ ಅದಕ್ಕೂ ಇದ್ದದ್ದು ಕೂದಲೆಳೆಯಷ್ಟು ವ್ಯತ್ಯಾಸ. ಐದನೇ ನಮೂನೆ ಹಾಕಿದೆ. ಹುಬ್ಬು, ಕಣ್ಣು, ನಗು ಎಲ್ಲ ಇದ್ದವು. ದಾರ ಮಾತ್ರ ಇರಲಿಲ್ಲ. ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನಾವು ತೀರ್ಮಾನಿಸಿದ ಆ ಸಣ್ಣ ವ್ಯತ್ಯಾಸವನ್ನು ಯಂತ್ರ ನಾವು ಹೇಳಿದಂತೆ ಎಸೆದಿತ್ತು. ಬೆಂಗಳೂರಿನಲ್ಲಿ ನಲವತ್ತು ಜನ ಇದನ್ನು ನೋಡಿದ್ದರು. ಏನೋ ಕಡಿಮೆಯಾಗಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಯಂತ್ರದ ತಂತಿ ಬೆಸೆದವನು ನಾನು, ಜಂಗಮರ ಮನೆಯವನು, ನನಗೂ ಗೊತ್ತಾಗಿರಲಿಲ್ಲ. ಯಾರನ್ನು ಬೈಯಬೇಕೆಂದು ತಿಳಿಯದೆ ಬೆಂಚನ್ನು ಒದ್ದೆ. ಕಾಲಿಗೇ ಪೆಟ್ಟಾಯಿತು.

“ಸಾರ್, ನ್ಯಾಮತಿಗೆ ಹೊತ್ತಾಗ್ತೈತೆ,” ಎಂದ ಮರುಳಪ್ಪ.

“ನ್ಯಾಮತಿ ಎಲ್ಲಿಗೂ ಓಡಿಹೋಗಲ್ಲ. ಟಿ.ವಿ. ಎತ್ತು.”

ಯಾವ ನಮೂನೆ ಎಂದು ಹೇಳಬಾರದು ಎಂಬ ಸಾಹೇಬರ ನಿಯಮ ಮಣ್ಣುಪಾಲಾಗಲಿ ಎಂದುಕೊಂಡೆ.

ಜೀಪು ಜಯದೇವಪ್ಪನವರ ಮನೆ ಮುಂದೆ ನಿಂತಾಗ ಬಿಸಿಲು ಇನ್ನೂ ಇತ್ತು. ಅವರು ಆಗಷ್ಟೇ ಮಂಡಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಎತ್ತರದ ಆಳು, ಹಣೆ ತುಂಬ ವಿಭೂತಿ. ಜಗಳೂರಿನ ಜಂಗಮರು ಎಂದಾಗ ಕೈಮುಗಿದು, ಒಳಗೆ ಕರೆದು, ಚಾಪೆ ಹಾಸಿದರು. ನಿರ್ಮಲಳ ಕೊರಳಲ್ಲಿ ದಾರ ಇದೆ, ತೋರಿಸುತ್ತೇನೆ ಎಂದದ್ದೇ ಅವರ ಮುಖ ಬಿಗಿಯಿತು.

“ಆ ಹೆಸರು ಈ ಮನ್ಯಾಗೆ ಹೇಳಂಗಿಲ್ಲ ಸ್ವಾಮಿ.”

“ಹೇಳಲ್ಲ. ಪ್ಲಗ್ಗು ಎಲ್ಲೈತೆ ಅಷ್ಟು ತೋರ್ಸ್ರಿ,” ಎಂದೆ.

ಕಸ್ತೂರಮ್ಮ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಬೇಡ ಎನ್ನುವಂತೆ ನನ್ನ ಕಡೆ ತಲೆಯಾಡಿಸಿದರು. ನಾನು ನೋಡದವನಂತೆ ಬಗ್ಗಿ ತಂತಿ ಸಿಕ್ಕಿಸಿದೆ. ಬಗ್ಗಿದಾಗ ನನ್ನ ಅಂಗಿಯ ಕಾಲರು ಅಗಲವಾಗಿರಬೇಕು.

“ಅಯ್ಯನೋರ ಕೊಳ್ಳಾಗೆ ದಾರ ಕಾಣ್ತಿಲ್ಲ,” ಎಂದರು ಜಯದೇವಪ್ಪನವರು.

“ಇಲ್ಲ. ಬೆಂಕಿ, ತಂತಿ ಜತೆ ಕೆಲ್ಸ ಅಂತ ತೆಗೆದು ದೇವರ ಗೂಡ್ನಾಗೆ ಇಟ್ಟೆ. ಎಂಟು ವರ್ಷ ಆತು.”

“ತಮಗೇ ಇಲ್ಲ. ಇನ್ನೊಬ್ಬರಿಗೆ ಐತೆ ಅಂತ ಸಾಕ್ಷಿ ಹೇಳಾಕೆ ಬಂದೀರಿ.”

ತಿರುಗಿ ಮಾತಾಡುವ ಬಾಯಿ ನನ್ನದು. ಆ ಸಲ ಬರೀ ಗುಂಡಿ ಒತ್ತಿದೆ.

ಮೊದಲು ಐದನೆಯದು ತೋರಿಸಿದೆ. ಮಧ್ಯಾಹ್ನ ನೀವು ನೋಡಿದ್ದು ಇದು ಎಂದೆ. ಆಮೇಲೆ ಒಂದನೆಯದು ಹಾಕಿದೆ. ಕಸ್ತೂರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದು ನೆಲಕ್ಕೆ ಕೂತರು.

“ಐತೆ,” ಎಂದರು.

ಮತ್ತೆ ಹಾಕ್ರಿ ಎಂದರು. ಹಾಕಿದೆ. ಎಷ್ಟು ಸಲ ಹಾಕಿದೆನೋ ನೆನಪಿಲ್ಲ. ಪ್ರತಿ ಸಲವೂ ಮಗಳು ಬಂದು, ತುಟಿ ಆಡಿಸಿ, ನಾಚಿ ನಕ್ಕು ಹೋಗುತ್ತಿದ್ದಳು.

“ಏನೋ ಹೇಳ್ತಾಳಲ್ಲ, ಏನಂತಾಳೆ?” ಎಂದು ಕಸ್ತೂರಮ್ಮ ಕೇಳಿದರು.

ಅವ್ವಾ ಅಂತಾಳೆ ಎಂದು ಹೇಳಿಬಿಡಬಹುದಿತ್ತು. ಅಂದು ಆ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡ ಎನ್ನಿಸಿತು. “ಒಂದರಿಂದ ಹತ್ತು ಎಣಿಸ್ತಾಳಮ್ಮ. ನಾವೇ ಹಂಗೆ ಹೇಳಿದ್ವಿ,” ಎಂದೆ. ಮುಂದಿನ ಸಲ ಚಿತ್ರ ಬಂದಾಗ ಕಸ್ತೂರಮ್ಮನ ತುಟಿಯೂ ಅವಳ ಜತೆ ಎಣಿಸುತ್ತಿತ್ತು.

ಜಯದೇವಪ್ಪನವರು ಗೋಡೆಯ ಕಡೆ ನೋಡುತ್ತ ಕೂತಿದ್ದವರು, ಒಮ್ಮೆ ಎದ್ದು ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಬಗ್ಗಿದರು.

“ಬರೀ ಚುಕ್ಕಿ ಕಾಣ್ತಾವೆ.”

“ಹತ್ರ ಹೋದ್ರೆ ಹಂಗೇ ರೀ. ಹಿಂದಕ್ಕೆ ಸರೀರಿ.”

ಸರಿದರು. ಪೂರ್ತಿ ಒಂದು ಸಲ ನೋಡಿದರು. ಮುಖದಲ್ಲಿ ಏನೂ ತೋರಲಿಲ್ಲ. ಕನ್ನಡಕ ತೆಗೆದು ನನ್ನ ಎದುರಿಗೆ ಕೂತರು.

“ಎರಡು ಚಿತ್ರ ತೋರ್ಸಿದ್ರಿ. ಒಂದ್ರಾಗೆ ದಾರ ಐತೆ, ಒಂದ್ರಾಗೆ ಇಲ್ಲ. ನಿಮ್ಮ ಮಿಷನ್ನಿಗೆ ಇದ್ದದ್ದನ್ನ ತೆಗೆಯಾಕೆ ಬರ್ತೈತೆ ಅಂದ್ರೆ, ಇಲ್ಲದ್ದನ್ನ ಹಾಕಾಕೂ ಬರ್ತೈತಲ್ಲ?”

“ಇಲ್ಲ ರೀ. ಅದಕ್ಕೆ ಎಸೆಯಾಕೆ ಅಷ್ಟೇ ಬರೋದು.”

“ನೀವು ಹೇಳ್ತೀರಿ. ನಾನು ಅಡಿಕೆ ವ್ಯಾಪಾರ ಮಾಡೋನು ಸ್ವಾಮಿ. ಚೀಲದ ಬಾಯಾಗೆ ಒಂಥರ ಅಡಿಕೆ, ತಳದಾಗೆ ಒಂಥರ ಅಡಿಕೆ ಇಟ್ಟು ತರೋರನ್ನ ದಿನಾ ನೋಡ್ತೀನಿ. ತೋರ್ಸಿದ್ದನ್ನೆಲ್ಲ ನಂಬಿದ್ರೆ ನಾನು ಮಂಡಿ ಮುಚ್ಚಿ ಮನ್ಯಾಗೆ ಕೂರಬೇಕಾಗ್ತೈತೆ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಜನರ ಕಣ್ಣಿಗೆ ಮಣ್ಣೆರಚುವುದೇ ನನ್ನ ಕಸುಬು. ಅಂಥವನು ಇದೊಂದು ಸಲ ನಂಬಿ ಎಂದರೆ ಯಾರು ನಂಬುತ್ತಾರೆ. ನಿರ್ಮಲಳಿಗೆ ಹೋಗಿ ಏನು ಹೇಳಲಿ ಎಂದು ಯೋಚಿಸುತ್ತ ತಂತಿ ಕೀಳಲು ಎದ್ದೆ. ನೋಡಿದಾಗ ಅವ್ವ ಹೆಂಗಿದ್ಲು ಎಂದು ಅವಳು ಕೇಳೇ ಕೇಳುತ್ತಾಳೆ.

“ಅವರು ಹೇಳೋದು ಸರಿ ಐತ್ರಿ,” ಎಂದರು ಕಸ್ತೂರಮ್ಮ. ಅವರು ನನಗೆ ಹೇಳಿದರೂ ಕಣ್ಣು ಗಂಡನ ಮೇಲಿತ್ತು. “ಮಧ್ಯಾಹ್ನ ಒಂದು ತೋರ್ಸಿದ್ರು, ನಂಬಿ ಮಗಳನ್ನ ಕಳ್ಕಂಡೆ. ಈಗ ಒಂದು ತೋರ್ಸಿದ್ರು, ನಂಬಿ ಕುಣಿದಾಡಾಕೆ ಹೊಂಟಿದ್ದೆ. ಎರಡೂ ನಂಬಬಾರ್ದು. ನೀವು ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡ್ತೀರಲ್ಲ, ಹಂಗೆ ನಾನೂ ಹೋಗಿ ನೋಡ್ತೀನಿ. ಕೈಲಿ ಮುಟ್ಟಿ ನೋಡ್ತೀನಿ. ಇದ್ರೆ ಕರ್ಕಂಡು ಬರ್ತೀನಿ, ನೀವು ಬಾಗ್ಲು ತೆಗೀಬೇಕು. ಇಲ್ದಿದ್ರೂ ನೋಡಿ ಬಂದಂಗೆ ಆಗ್ತೈತೆ.”

ಆ ಮನೆಯಲ್ಲಿ ಹೊರಗಿನವರ ಎದುರು ಹೆಂಗಸು ಹಾಗೆ ಮಾತಾಡಿದ್ದು ಅದೇ ಮೊದಲಿರಬೇಕು. ಹೊರಗೆ ಮರುಳಪ್ಪ ಕೆಮ್ಮಿದ್ದು ಕೇಳಿಸಿತು. ಈಗ ಸಿಡಿಯುತ್ತಾರೆ ಎಂದು ನಾನು ಜಯದೇವಪ್ಪನವರನ್ನೇ ನೋಡುತ್ತಿದ್ದೆ. ಅವರು ಕನ್ನಡಕವನ್ನು ಪಂಚೆಯ ಅಂಚಿಗೆ ಒರೆಸಿದರು, ಮಡಚಿದರು, ಮತ್ತೆ ಬಿಡಿಸಿ ಒರೆಸಿದರು.

“ಶಿವಮೊಗ್ಗದ ಮ್ಯಾಲೆ ಹೋಗಬ್ಯಾಡ, ಸುತ್ತಾಗ್ತೈತೆ,” ಎಂದರು ಕೊನೆಗೆ. “ಬೆಳಿಗ್ಗೆ ಆರೂವರೆಗೆ ದಾವಣಗೆರೆ ಬಸ್ಸು. ಅಲ್ಲಿ ಇಳಿದ ತಕ್ಷಣ ಬೆಂಗಳೂರಿಂದು ಸಿಗ್ತೈತೆ. ಮೆಜೆಸ್ಟಿಕ್ಕಿನಾಗೆ ಆಟೋದೋನಿಗೆ ವಿಜಯನಗರ, ಹಿಟ್ಟಿನ ಗಿರಣಿ ಅನ್ನು. ಗಿರಣಿ ಎದುರಿಗೆ ಹಸಿರು ಗೇಟಿನ ಮನೆ, ಮಹಡಿ ಮ್ಯಾಲೆ. ಗೇಟಿನ ಒಳಗೆ ಒಂದು ಕೆಂದ ನಾಯಿ ಇರ್ತೈತೆ. ಬೊಗಳ್ತೈತೆ, ಕಚ್ಚಲ್ಲ.”

ಕಸ್ತೂರಮ್ಮ ಗಂಡನನ್ನೇ ನೋಡಿದರು.

“ನಿಮಗೆ ಹೆಂಗೆ ಗೊತ್ತು?”

“ವಾಪಸ್ ಕಳಿಸೋ ಕಾಗದದ ಹಿಂದೆ ವಿಳಾಸ ಇರ್ತಿತ್ತು.”

“ನಾಯಿ ಕಚ್ಚಲ್ಲ ಅಂತಲೂ ಬರೆದಿದ್ಲಾ?”

ಜಯದೇವಪ್ಪನವರು ತಲೆ ತಗ್ಗಿಸಿದರು.

“ಎರಡು ಸಲ ಹೋಗಿದ್ದೆ. ಗಿರಣಿ ಕಟ್ಟೆ ಮ್ಯಾಲೆ ಸಂಜೆ ತನಕ ಕೂತಿದ್ದೆ. ಬಟ್ಟೆ ಹರವಾಕೆ ಮಹಡಿಗೆ ಬಂದ್ಲು. ನಾನೂ ಅದನ್ನೇ ನೋಡಾಕೆ ಹೋಗಿದ್ದು. ಅಷ್ಟು ದೂರದಿಂದ ದಾರ ಕಾಣಲ್ಲ ಕಸ್ತೂರಿ.”